":0" ಅನ್ನೋ ಹೆಸರಿನ ಉಲ್ಲೇಖಗಳನ್ನು ಹಾಗೇ ಎತ್ತಿ ತರಬೇಡಿ

ವಿಕಿಪೀಡಿಯದಲ್ಲಿ ಎರಡು ಲೇಖನ ವಿಲೀನ ಮಾಡಿದ ಮೇಲೆ ಉಲ್ಲೇಖಗಳಲ್ಲಿ ಐದು ಕಡೆ ಕೆಂಪು ಎರರ್ ಬಂತು, ಒಂದೊಂದಾಗಿ ಅಳಿಸುತ್ತಿದ್ದೇನೆ ಅಂತ ಬರೆದಿದ್ದೀರಿ. ದಯವಿಟ್ಟು ಅಲ್ಲಿಗೇ ನಿಲ್ಲಿಸಿ. ಇದೇ ತಪ್ಪು ಮಾಡಿ ಪೆಟ್ಟು ತಿಂದವನು ಹೇಳುತ್ತಿದ್ದೇನೆ. ಕೆಂಪಾದ ಐದೂ ಸುಲಭದವು. ಕೆಂಪಾಗದೆ ಸುಮ್ಮನೆ ಕೂತಿರುವವೇ ತಲೆನೋವು.

ಇದರ ಮೂಲ ವಿಷುಯಲ್ ಎಡಿಟರ್ (ಕೋಡ್ ಕಾಣಿಸದೆ, ಓದುವ ಪುಟದ ರೂಪದಲ್ಲೇ ತಿದ್ದಲು ಬಿಡುವ ಎಡಿಟರ್). ಒಂದು ಆಕರವನ್ನು ಎರಡನೇ ಸಲ ಬಳಸಿದ ಕೂಡಲೇ ಅದು ತಾನಾಗಿ ":0" ಅಂತ ಹೆಸರಿಡುತ್ತದೆ, ಮುಂದಿನದಕ್ಕೆ ":1". ಹೀಗಾಗಿ ಎಷ್ಟೋ ಪುಟಗಳಲ್ಲಿ ":0" ಇರುತ್ತದೆ, ಒಂದೊಂದು ಕಡೆ ಒಂದೊಂದು ಆಕರಕ್ಕೆ. ಎರಡು ":0"ಗಳೂ ವಿವರ ಸಮೇತ ಒಂದೇ ಪುಟಕ್ಕೆ ಬಂದರೆ, ಒಂದೇ ಹೆಸರಿಗೆ ಬೇರೆ ಬೇರೆ ವಿವರ ಇದೆ ಅಂತ ಎರರ್ ಬರುತ್ತದೆ. ಸರಿ. ಆದರೆ ನೀವು ತಂದ ಪ್ಯಾರಾದಲ್ಲಿ ಬರೀ ಮರುಬಳಕೆಯ ಟ್ಯಾಗ್ (ಆಕರದ ವಿವರ ಇಲ್ಲದೆ ಹೆಸರು ಮಾತ್ರ ಹೇಳುವ ಕೋಡ್, ಸ್ಲ್ಯಾಶ್‌ನಿಂದ ಮುಗಿಯುವ ಚಿಕ್ಕದು) ಇದ್ದರೆ? ಅದು ಹೊಸ ಪುಟದ ":0"ಗೆ ಹೋಗಿ ಅಂಟಿಕೊಳ್ಳುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಜನಸಂಖ್ಯೆಯ ಅಂಕಿಗೆ ದೇವಸ್ಥಾನದ ಪುಸ್ತಕ ಆಕರ ಅಂತ ತೋರಿಸುತ್ತಾ ವರ್ಷಗಟ್ಟಲೆ ಹಾಗೇ ಇರುತ್ತದೆ.

ಈಗ ಮಾಡಬೇಕಾದದ್ದು: ಪುಟದ ಇತಿಹಾಸಕ್ಕೆ ಹೋಗಿ ವಿಲೀನದ ಹಿಂದಿನ ಆವೃತ್ತಿಗೆ ಮರಳಿ. ಎತ್ತಿ ತರಬೇಕಾದ ಲೇಖನವನ್ನು ಕೋಡ್ ಕಾಣಿಸುವ ಸೋರ್ಸ್ ಎಡಿಟರ್‌ನಲ್ಲಿ ತೆರೆದು, ಪಠ್ಯ ಇನ್ನೂ ಅಲ್ಲೇ ಇರುವಾಗಲೇ ಹೆಸರು ಬದಲಿಸಿ. ವಿವರ ಇರುವ ಟ್ಯಾಗೂ ಬದಲಾಗಬೇಕು, ಅದರ ಮರುಬಳಕೆಗಳೂ ಬದಲಾಗಬೇಕು. ಹುಡುಕಿ ಬದಲಿಸುವಾಗ ಕೋಟ್ ಗುರುತು ಸೇರಿಸಿಯೇ ಹುಡುಕಿ. ಬರೀ :1 ಅಂತ ಕೊಟ್ಟರೆ :10, :11 ಎಲ್ಲ ಕೆಡುತ್ತವೆ, ಪಠ್ಯದಲ್ಲಿ 6:15 ಅಂತ ಸಮಯ ಬರೆದಿದ್ದರೆ ಅದೂ ಹೋಗುತ್ತದೆ. ಬದಲಿಸುವ ಮೊದಲು ಎಷ್ಟು ಸಲ ಬಂದಿದೆ ಅಂತ ಎಣಿಸಿಟ್ಟುಕೊಳ್ಳಿ. ಸೇರಿಸಿದ ಮೇಲೆ ಉಲ್ಲೇಖ ಪಟ್ಟಿಯಲ್ಲಿ ಆ ಆಕರದ ಮುಂದಿರುವ ಹಿಂಕೊಂಡಿಗಳು (ಪಠ್ಯದಲ್ಲಿ ಅದನ್ನು ಬಳಸಿದ ಜಾಗಕ್ಕೆ ಮರಳಿಸುವ ಲಿಂಕುಗಳು) ಲೆಕ್ಕಕ್ಕೆ ತಾಳೆಯಾಗಬೇಕು. ಒಂದು ಹೆಚ್ಚಿದ್ದರೂ ಇನ್ಯಾವುದೋ ಬಂದು ಸೇರಿಕೊಂಡಿದೆ ಅಂತಲೇ ಅರ್ಥ.

ಹೆಸರು ಯಾವುದಿಡಬೇಕು? ಲೇಖಕರು ಅಥವಾ ಸಂಸ್ಥೆ, ವರ್ಷ, ಬೇಕಿದ್ದರೆ ಪುಟ: "ಜನಗಣತಿ-2011" ಅನ್ನೋ ಥರ. ಬರೀ ಅಂಕಿ ನಡೆಯುವುದಿಲ್ಲ, "5" ಅಂತ ಕೊಟ್ಟರೆ ಸಾಫ್ಟ್‌ವೇರೇ ಒಪ್ಪುವುದಿಲ್ಲ. "ಉಲ್ಲೇಖ5" ಅಂತ ಕೊಟ್ಟರೆ ಒಪ್ಪುತ್ತದೆ, ಆದರೆ ಪ್ಯಾರಾ ಮೇಲೆ ಕೆಳಗೆ ಆದಾಗ ಐದನೆಯದು ಹನ್ನೆರಡನೆಯದಾಗುತ್ತದೆ, ಹೆಸರು ಮಾತ್ರ ಐದು. ಇಂಥ ಹೆಸರಿಗಿಂತ ಹೆಸರಿಲ್ಲದಿರುವುದೇ ವಾಸಿ.

ಕನ್ನಡದಲ್ಲಿ ಹೆಸರಿಡುವವರು ಇದನ್ನು ನೋಡಿಕೊಳ್ಳಿ. ಕೋಟ್ ಕಡ್ಡಾಯ, ಅದೂ ನೆಟ್ಟಗಿರುವ ಕೋಟ್. ವರ್ಡ್‌ನಿಂದ ಅಂಟಿಸಿದರೆ ಬರುವ ಬಾಗಿದ ಕೋಟ್ ಹೆಸರಿನ ಭಾಗವೇ ಆಗಿಬಿಡುತ್ತದೆ, ನಡುವೆ ಜಾಗ ಇದ್ದರೆ ಟ್ಯಾಗೇ ಮುರಿಯುತ್ತದೆ. ಇನ್ನೊಂದು, ಕಣ್ಣಿಗೆ ಕಾಣದ ಝೀರೋ ವಿಡ್ತ್ ನಾನ್ ಜಾಯ್ನರ್, ಅಂದರೆ ಅರ್ಧಾಕ್ಷರ ಮುಂದಿನದಕ್ಕೆ ಒತ್ತಾಗಿ ಸೇರದಂತೆ ತಡೆಯುವ ಗುರುತು. ಕೆಲವು ಕೀಬೋರ್ಡ್‌ಗಳಲ್ಲಿ "ಗೆಜೆಟ್" ಅಂತ ಹೊಡೆದಾಗ ಕೊನೆಯ ಟ್ ಆದಮೇಲೆ ಅದೂ ಕೂತಿರುತ್ತದೆ. ನೋಡಲು ಎರಡೂ ಒಂದೇ, ಸಾಫ್ಟ್‌ವೇರ್‌ಗೆ ಎರಡು ಬೇರೆ ಹೆಸರು. "ವಿವರವೇ ಇಲ್ಲ" ಅಂತ ಎರರ್. ಅನುಸ್ವಾರದ ಬದಲು ಕನ್ನಡ ಅಂಕಿ ಸೊನ್ನೆ ಹೊಡೆಯುವ ಅಭ್ಯಾಸದವರಿಗೂ ಇದೇ ಗತಿ. ಹಾಗಾಗಿ ಹೆಸರನ್ನು ಪ್ರತಿ ಸಲ ಟೈಪ್ ಮಾಡಬೇಡಿ, ವಿವರ ಇರುವ ಟ್ಯಾಗಿನಿಂದಲೇ ಕಾಪಿ ಮಾಡಿ. ಅರ್ಧಾಕ್ಷರದಲ್ಲಿ ಮುಗಿಯುವ ಹೆಸರೇ ಬೇಡ, ಕೊನೆಗೆ ವರ್ಷ ಬರಲಿ. ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟರೆ ಈ ಕಾಟ ಇಲ್ಲ, ಆದರೆ ಅಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಅನ್ನೋದು ನೆನಪಿರಲಿ.

ಮರುಬಳಕೆಯ ಟ್ಯಾಗಿನ ಕೊನೆಯ ಸ್ಲ್ಯಾಶ್ ಬಿಟ್ಟರೆ ಮುಂದಿನ ಮುಚ್ಚುವ ಟ್ಯಾಗ್ ಸಿಗುವವರೆಗಿನ ಪಠ್ಯ ಅಡಿಟಿಪ್ಪಣಿಯೊಳಗೆ ಹೋಗಿಬಿಡಬಹುದು. ಅರ್ಧ ಪ್ಯಾರಾ ಯಾರೋ ಅಳಿಸಿದ್ದಾರೆ ಅಂತ ಜಗಳಕ್ಕೆ ಹೋಗುವ ಮೊದಲು ಇದನ್ನು ನೋಡಿ.

ಒಂದು ವಿಭಾಗ ಮಾತ್ರ ತೆರೆದು ಮುನ್ನೋಟ ನೋಡಿದಾಗ "ವಿವರ ಇಲ್ಲ" ಅಂತ ಬಂದರೆ ಗಾಬರಿ ಬೇಡ, ವಿವರ ಬೇರೆ ವಿಭಾಗದಲ್ಲಿರುತ್ತದೆ. ಅದನ್ನು ನೋಡಿ ಮತ್ತೊಮ್ಮೆ ವಿವರ ತುಂಬುವವರಿದ್ದಾರೆ! ಅಲ್ಪವಿರಾಮದಷ್ಟು ವ್ಯತ್ಯಾಸ ಇದ್ದರೂ ಅದೇ ಕೆಂಪು ಎರರ್. ಪೂರ್ತಿ ಪುಟ ತೆರೆದು ನೋಡಿ. ಹಾಗೆಯೇ, ಬೇಡದ ಪ್ಯಾರಾ ಅಳಿಸುವಾಗ ಅದರಲ್ಲಿ ವಿವರ ಇರುವ ಟ್ಯಾಗ್ ಇದೆಯಾ ನೋಡಿ, ಇದ್ದರೆ ಉಳಿದಿರುವ ಮರುಬಳಕೆಯ ಜಾಗಕ್ಕೆ ದಾಟಿಸಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಹೀಗೆ ಅನಾಥವಾದ ಉಲ್ಲೇಖದ ವಿವರ ಹುಡುಕಿ ತರುವ ಬಾಟ್ (ತಾನಾಗಿ ಕೆಲಸ ಮಾಡುವ ಪ್ರೋಗ್ರಾಮ್) ಇದೆ, ಎಲ್ಲ ವಿಕಿಗಳಲ್ಲೂ ಅಂಥದ್ದು ಇರುತ್ತದೆ ಅಂದುಕೊಳ್ಳಬೇಡಿ.

ಒಂದೇ ಪುಸ್ತಕದ ಹತ್ತಾರು ಪುಟ ಉಲ್ಲೇಖಿಸುವವರು ಎಸ್‌ಎಫ್‌ಎನ್ ಟೆಂಪ್ಲೇಟು (ಲೇಖಕರು, ವರ್ಷ, ಪುಟ ಕೊಟ್ಟರೆ ಚಿಕ್ಕ ಅಡಿಟಿಪ್ಪಣಿ ಮಾಡಿ ಗ್ರಂಥಪಟ್ಟಿಗೆ ಕೊಂಡಿ ಹಾಕುವ ಸಿದ್ಧ ಅಚ್ಚು) ಬಳಸಿ, ಹೆಸರಿಡುವ ರಗಳೆಯೇ ಇಲ್ಲ. ಷರತ್ತು ಒಂದೇ: ಅಡಿಟಿಪ್ಪಣಿಯಲ್ಲಿ ಲೇಖಕರ ಹೆಸರು ಕನ್ನಡದಲ್ಲಿ, ಗ್ರಂಥಪಟ್ಟಿಯಲ್ಲಿ ಇಂಗ್ಲಿಷ್‌ನಲ್ಲಿ ಇದ್ದರೆ ಕೊಂಡಿ ಕೂಡುವುದಿಲ್ಲ. ಒಬ್ಬರದೇ ಒಂದೇ ವರ್ಷದ ಎರಡು ಪುಸ್ತಕ ಇದ್ದರೆ ವರ್ಷದ ಪಕ್ಕ ಒಂದೊಂದು ಅಕ್ಷರ ಸೇರಿಸಿ, ಎರಡೂ ಕಡೆ.

ವಿಷುಯಲ್ ಎಡಿಟರ್‌ನಲ್ಲಿ ಲಿಂಕ್ ಕೊಟ್ಟು ಉಲ್ಲೇಖ ತಯಾರಿಸುವ ಸೌಲಭ್ಯ ಚೆನ್ನಾಗಿದೆ, ಬಳಸಿ. ಆದರೆ ಲೇಖಕರ ಜಾಗದಲ್ಲಿ "ಅಡ್ಮಿನ್" ಅಂತ ಬಂದಿದ್ದನ್ನು ಹಾಗೇ ಉಳಿಸಬೇಡಿ. ಪುಟ ಸೇವ್ ಮಾಡಿದ ಕೂಡಲೇ ಸೋರ್ಸ್‌ಗೆ ಹೋಗಿ ":0" ಬಂದಿದ್ದರೆ ತೆಗೆದು ಸರಿಯಾದ ಹೆಸರಿಡಿ, ನಾಳೆಗೆ ಬಿಡಬೇಡಿ.

ಮತ್ತೆ ವಿಲೀನ ಮಾಡುವಾಗ ಸಂಪಾದನೆಯ ಸಾರಾಂಶದಲ್ಲಿ ಯಾವ ಲೇಖನದಿಂದ ತಂದದ್ದು ಅಂತ ಕೊಂಡಿ ಸಮೇತ ಬರೆಯಿರಿ. ಮೊದಲು ಬರೆದವರಿಗೆ ಸಲ್ಲಬೇಕಾದ ಮನ್ನಣೆ ಅದು, ಪರವಾನಗಿಯ ಷರತ್ತೂ ಹೌದು. ಈಗಿನ ವಿಲೀನದಲ್ಲಿ ನೀವು ಅದನ್ನೂ ಬಿಟ್ಟಿದ್ದೀರಿ.