ಹಾಲಿನ ಕೊಟ್ಟೆಯನ್ನು ಹೂವು ಮಾಡಬೇಡಿ, ಅಕ್ಕೋರೇ

ಅಕ್ಕೋರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ಸಿಕ್ಕಿತು. ಕುಮಟಾ ಕಡೆಯ ಶಾಲೆಯಲ್ಲಿ ಇಷ್ಟು ವರ್ಷ ಕಲಿಸಿ, ನಿವೃತ್ತಿಯಾದ ಮೇಲೂ ಶನಿವಾರ ಮಕ್ಕಳನ್ನು ಕೂರಿಸಿಕೊಂಡು ‘ಕಸದಿಂದ ರಸ’ ಮಾಡಿಸುತ್ತೀರಿ. ಹಾಲಿನ ಕೊಟ್ಟೆಯಿಂದ, ಅಂದರೆ ಪ್ಯಾಕೆಟ್ಟಿನಿಂದ, ಹೂವಿನ ಮಾಲೆ. ನೀರಿನ ಬಾಟಲಿಯೊಳಗೆ ಚಿಪ್ಸ್ ಕೊಟ್ಟೆ ತುರುಕಿ ‘ಇಟ್ಟಿಗೆ’. ಹೋದ ತಿಂಗಳು ನಾವು ‘ಇಂಥ ಪ್ರದರ್ಶನದಿಂದ ಕಸ ಕಡಿಮೆಯಾಗುವುದಿಲ್ಲ’ ಎಂದು ಬರೆದದ್ದು ನಿಮಗೆ ನೋವಾಗಿದೆ. ಜೊತೆಗೆ ಎರಡು ಪ್ರಶ್ನೆ ಕೇಳಿದ್ದೀರಿ. ಪೇಟೆಯಲ್ಲಿ ಮೀನು ಮಾರುವವಳಿಗೆ ಕೈಚೀಲದ ಕೊಟ್ಟೆ ಇಟ್ಟುಕೊಂಡಿದ್ದಕ್ಕೆ ದಂಡ ಹಾಕಿದರು, ಪಕ್ಕದ ಗೂಡಂಗಡಿಯಲ್ಲಿ ಸರ ಸರವಾಗಿ ನೇತಾಡುವ ಚಿಪ್ಸಿಗೆ ಯಾಕಿಲ್ಲ? ನಿಮ್ಮ ಪತ್ರಿಕೆಯೇ ಪ್ಲಾಸ್ಟಿಕ್ ಹೊದ್ದು ಬರುತ್ತದಲ್ಲ?

ಕಾರಣ ಹೇಳದೆ ಒಂದೇ ಸಾಲಿನಲ್ಲಿ ಹಾಗೆ ಬರೆದದ್ದು ನಮ್ಮ ತಪ್ಪು. ಕ್ಷಮಿಸಿ. ಆ ಕಾರಣ ಈಗ ಹೇಳುತ್ತೇನೆ.

ಹಾಲಿನ ಕೊಟ್ಟೆ ಒಂದೇ ಜಾತಿಯ ಪ್ಲಾಸ್ಟಿಕ್. ಪಾಲಿಥಿನ್. ತೊಳೆದು ಒಣಗಿಸಿದ್ದಾದರೆ ಗುಜರಿಗೆ ಬೇಕು. ಅದು ಕರಗಿ ಕಾಳಾಗುತ್ತದೆ, ಕಾಳು ಮುಂದೆ ಪೈಪೋ ಕಸದ ಚೀಲವೋ ಆಗುತ್ತದೆ. ಅದನ್ನೇ ಕತ್ತರಿಸಿ, ಬಣ್ಣ ಬಳಿದು, ತಂತಿ ಸುತ್ತಿ, ಗೋಂದು ಹಚ್ಚಿ ಹೂವು ಮಾಡಿದರೆ ಗೋಡೆಯ ಮೇಲೆ ಒಂದು ವರ್ಷ ಧೂಳು ಹಿಡಿಯುತ್ತದೆ. ಆಮೇಲೆ ಅದು ಯಾವ ಗುಜರಿಗೂ ಬೇಡ. ಇನ್ನೊಂದು ಜನ್ಮ ಇದ್ದ ವಸ್ತುವನ್ನು ನಾವೇ ಕೊನೆಯ ಕಸ ಮಾಡಿದ ಹಾಗಾಯಿತು, ಅಲ್ವಾ? ಬಾಟಲಿ ಇಟ್ಟಿಗೆಯದ್ದೂ ಇದೇ ಕಥೆ. ಖಾಲಿ ಬಾಟಲಿಗೆ ಬೆಲೆ ಇದೆ, ಅದರಿಂದ ಬಟ್ಟೆಯ ನೂಲು ತೆಗೆಯುತ್ತಾರೆ. ಒಳಗೆ ಚಿಪ್ಸ್ ಕೊಟ್ಟೆ ತುರುಕಿದ ಕ್ಷಣ ಆ ಬೆಲೆ ಹೋಯಿತು. ಬಿಸಿಲಿಗೆ ಕಟ್ಟೆ ಕಟ್ಟಿದರೆ ಕೆಲವು ವರ್ಷಕ್ಕೆ ಬಾಟಲಿ ಒಡೆದು ಪುಡಿಯಾಗುತ್ತದೆ, ಆ ಪುಡಿಯನ್ನು ಯಾರೂ ಹೆಕ್ಕಲಾರರು.

ಹಾಗಾದರೆ ಶನಿವಾರ ಮಕ್ಕಳ ಕೈಗೆ ಏನು ಕೊಡಲಿ ಎಂದು ಕೇಳುತ್ತೀರಿ. ಒಂದು ಬೋಗುಣಿ ನೀರು ಕೊಡಿ. ನೀರಿನ ಬಾಟಲಿಯ ಒಂದು ಚೂರು, ಅದರ ಮುಚ್ಚಳದ ಒಂದು ಚೂರು ಕತ್ತರಿಸಿ ಎರಡನ್ನೂ ನೀರಲ್ಲಿ ಅದ್ದಿ ಬಿಡಲಿ. ಬಾಟಲಿ ಮುಳುಗುತ್ತದೆ, ಮುಚ್ಚಳ ತೇಲುತ್ತದೆ. ಎರಡೂ ಬೇರೆ ಬೇರೆ ಪ್ಲಾಸ್ಟಿಕ್. ಮರುಬಳಕೆಯ ಕಾರ್ಖಾನೆಯಲ್ಲೂ ಹೀಗೇ ನೀರಿಗೆ ಹಾಕಿ ಬೇರ್ಪಡಿಸುತ್ತಾರೆ. ಆಮೇಲೆ ಹಾಲಿನ ಕೊಟ್ಟೆ ಕತ್ತರಿಸುವುದನ್ನು ಕಲಿಸಿ. ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಬಾರದು. ಸ್ವಲ್ಪ ಸೀಳಿ, ತುದಿ ಕೊಟ್ಟೆಗೇ ಅಂಟಿಕೊಂಡು ಇರಬೇಕು. ಬಿಡಿಯಾಗಿ ಬಿದ್ದರೆ ಆ ಉಗುರಿನಷ್ಟು ತುಂಡು ಸೀದಾ ಮುಸುರೆ ಬಾನಿಗೆ, ಅಲ್ಲಿಂದ ದನದ ಹೊಟ್ಟೆಗೆ ಹೋಗುತ್ತದೆ. ತೊಳೆದ ಕೊಟ್ಟೆಯನ್ನು ತಲೆಕೆಳಗಾಗಿ ಬಟ್ಟೆ ಹಗ್ಗಕ್ಕೆ ಸಿಕ್ಕಿಸಿದರೆ ಸಂಜೆಯೊಳಗೆ ಒಣಗುತ್ತದೆ.

ಚಿಪ್ಸ್ ಕೊಟ್ಟೆ ಮಾತ್ರ ನೀವು ಏನು ಬೇಕಾದರೂ ಮಾಡಿ. ಒಂದನ್ನು ಬಿಡಿಸಿ ಒಳಮೈ ನೋಡಿ, ಬೆಳ್ಳಿಯ ಹಾಗೆ ಹೊಳೆಯುತ್ತದೆ. ಪ್ಲಾಸ್ಟಿಕ್ ಪದರಗಳ ನಡುವೆ ಕೂದಲಿಗಿಂತ ಎಷ್ಟೋ ತೆಳುವಾಗಿ ಅಲ್ಯೂಮಿನಿಯಂ ಕೂರಿಸಿರುತ್ತಾರೆ. ಅದನ್ನು ಬಿಡಿಸುವುದು ದುಬಾರಿ, ಅದಕ್ಕೇ ಗುಜರಿಯವರು ಮುಟ್ಟುವುದಿಲ್ಲ. ಇದನ್ನು ಉದ್ದ ಪಟ್ಟಿ ಮಾಡಿ ಚಾಪೆ ಹೆಣೆಯುವ ಹಾಗೆ ಹೆಣೆದರೆ ಚೀಲವಾಗುತ್ತದೆ. ನಿಮ್ಮ ಮಕ್ಕಳ ಜಾಣ್ಮೆ ಅಲ್ಲಿ ಖರ್ಚಾಗಲಿ.

ಒಲೆಗೆ ಮಾತ್ರ ಬೇಡ. ನಮ್ಮ ಮನೆಯಲ್ಲೂ ಬಚ್ಚಲೊಲೆ ಹೊತ್ತಿಸಲು ಎಣ್ಣೆ ಕೊಟ್ಟೆ ಇಡುತ್ತಿದ್ದೆವು. ಮಳೆಗಾಲದ ಹಸಿ ಕಟ್ಟಿಗೆಗೆ ಅದು ಬೇಗ ಬೆಂಕಿ ಹಿಡಿಸುತ್ತಿತ್ತು. ದಿನಾ ಬೆಳಿಗ್ಗೆ ಆ ಕಪ್ಪು ಹೊಗೆ ಕುಡಿದವರು ನಮ್ಮ ಅಮ್ಮ. ನಮಗೆ ಗೊತ್ತಿರಲಿಲ್ಲ ಎನ್ನುವುದು ಈಗ ಸಮಾಧಾನ ಕೊಡುವುದಿಲ್ಲ. ಅಡಿಕೆ ಹಾಳೆಯ ಚೂರು, ತೆಂಗಿನ ಸಿಪ್ಪೆ ನಮ್ಮಲ್ಲಿ ಬೇಕಾದಷ್ಟಿದೆ.

ಇನ್ನು ದಂಡದ ಪ್ರಶ್ನೆ. ನಿಮ್ಮ ಸಿಟ್ಟು ಸರಿಯಾಗಿಯೇ ಇದೆ. 2016ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲವನ್ನು, ಎಷ್ಟೇ ದಪ್ಪದ್ದಿರಲಿ, ನಿಷೇಧಿಸಿತು. ಕಾರ್ಖಾನೆಯಲ್ಲೇ ತುಂಬಿ ಸೀಲ್ ಆಗಿ ಬರುವ ಕೊಟ್ಟೆಗೆ ಆ ಆದೇಶದಲ್ಲಿ ವಿನಾಯಿತಿ ಇದೆ. ಹಾಗಾಗಿ ಮೀನಿನವಳು ಸಿಕ್ಕಿಬೀಳುತ್ತಾಳೆ, ಚಿಪ್ಸ್ ಸರ ಉಳಿಯುತ್ತದೆ. ಅದೇ ಗೂಡಂಗಡಿಯ ಗುಟ್ಕಾ ನೋಡಿ. ಗುಟ್ಕಾ, ತಂಬಾಕು, ಪಾನ್ ಮಸಾಲೆಯನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಾರಬಾರದೆಂದು 2011ರಿಂದಲೇ ಕೇಂದ್ರದ ನಿಯಮ ಇದೆ.

ಆದರೆ ಕಂಪನಿಗಳ ಮೇಲೆ ಕಾನೂನೇ ಇಲ್ಲ ಎನ್ನುವಂತಿಲ್ಲ. 2022ರ ಫೆಬ್ರವರಿಯಲ್ಲಿ ಕೇಂದ್ರ ಹೊಸ ನಿಯಮ ತಂದಿತು. ಪ್ಯಾಕಿಂಗಿಗೆ ಪ್ಲಾಸ್ಟಿಕ್ ಬಳಸುವ ಕಂಪನಿಯೇ ಅದರ ಕಸದ ಹೊಣೆ ಹೊರಬೇಕು. ಚಿಪ್ಸಿನದ್ದರಂಥ ಬಹುಪದರದ ಕೊಟ್ಟೆಯಲ್ಲಿ 2024-25ರಲ್ಲಿ ಶೇ 30ರಷ್ಟು ಮರುಬಳಕೆಯಾಗಬೇಕು, ವರ್ಷಕ್ಕೆ ಹತ್ತು ಹತ್ತು ಏರುತ್ತಾ 2027-28ಕ್ಕೆ ಶೇ 60. ಇದು ಒಳ್ಳೆಯ ನಿಯಮ. ನನ್ನ ತಕರಾರು ಒಂದೇ, ಲೆಕ್ಕ ತೂಕದ್ದು, ಊರಿನದಲ್ಲ. ಕಂಪನಿಯ ಹೆಸರಿನಲ್ಲಿ ಎಲ್ಲೋ ದೊಡ್ಡ ಊರಿನ ಕಸ ಮರುಬಳಕೆಯಾದರೂ ಗುರಿ ಮುಟ್ಟಿದ ಹಾಗೇ. ನಿಮ್ಮೂರ ಹಳ್ಳದಲ್ಲಿ ಬಿದ್ದದ್ದು ಅಲ್ಲೇ ಇರುತ್ತದೆ. ಜಿಲ್ಲಾವಾರು ಲೆಕ್ಕ ಕೊಡಿ ಎಂದು ನಾವು ಕೇಳಬೇಕು. ಈ ಪತ್ರಿಕೆ ಕೇಳುತ್ತದೆ.

ಮೂಲದಲ್ಲೇ ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ನಾವೇ ಕಂಡಿದ್ದೇವೆ. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು. ನಿಲ್ಲಿಸಿದ್ದು ಪ್ಲಾಸ್ಟಿಕ್ಕಿಗಾಗಿ ಅಲ್ಲ ನಿಜ. ಆದರೆ ಗದ್ದೆ ಬದುವಿನಲ್ಲಿ ಬಿದ್ದಿರುತ್ತಿದ್ದ ಸಾರಾಯಿ ಕೊಟ್ಟೆ ಆಮೇಲೆ ಎಲ್ಲಿ ಕಂಡಿದೆ? ಯಾವ ಶಾಲೆಯ ಮಕ್ಕಳೂ ಅದರಲ್ಲಿ ಹೂವು ಮಾಡಬೇಕಾಗಲಿಲ್ಲ.

ಕೊಟ್ಟೆ ಎಂದರೆ ನಮ್ಮ ಅಜ್ಜಿಯಂದಿರಿಗೆ ಹಲಸಿನ ಎಲೆ ಸೇರಿಸಿ ಕಡ್ಡಿ ಚುಚ್ಚಿದ್ದು. ಕೊಟ್ಟೆ ಕಡುಬು ತಿಂದು ಹಿತ್ತಲಿಗೆ ಎಸೆದರೆ ಗೊಬ್ಬರ. ವಸ್ತು ಬದಲಾಯಿತು, ಎಸೆಯುವ ಕೈ ಹಾಗೇ ಉಳಿಯಿತು.

ನಾನು ಶಿರಸಿಯಲ್ಲಿ ಕೂತು ಬರೆಯುತ್ತಿದ್ದೇನೆ. ಅಘನಾಶಿನಿ ನದಿ ಇಲ್ಲಿಯ ಶಂಕರ ಹೊಂಡದಲ್ಲಿ ಹುಟ್ಟಿ ನಿಮ್ಮ ಕಡೆ ಸಮುದ್ರ ಸೇರುತ್ತದೆ. ನಡುವೆ ಒಂದು ಅಣೆಕಟ್ಟೂ ಇಲ್ಲ. ನಾವು ಇಲ್ಲಿ ಚರಂಡಿಗೆ ಬಿಟ್ಟದ್ದು ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರ ಕೈಗೆ ಸಿಗುತ್ತದೆ. ಆ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹಾಗಾಗಿ ಪತ್ರಿಕೆಯ ಪ್ಲಾಸ್ಟಿಕ್ ಹೊದಿಕೆಯ ಬಗೆಗಿನ ನಿಮ್ಮ ಎರಡನೇ ಪ್ರಶ್ನೆಗೆ ನಾನು ನೆಪ ಹೇಳುವುದಿಲ್ಲ. ಮಳೆಗೆ ನೆನೆಯಬಾರದೆಂದು ಹಾಕಲು ಶುರು ಮಾಡಿದ ಹೊದಿಕೆ ಬೇಸಿಗೆಯಲ್ಲೂ ಸುಮ್ನೆ ಮುಂದುವರಿಯಿತು. ಮುಂದಿನ ಸಂಚಿಕೆಯಿಂದ ಅದು ಇಲ್ಲ. ದಪ್ಪ ಖಾಕಿ ಕಾಗದದಲ್ಲಿ ಸುತ್ತಿ ಕಳಿಸುತ್ತೇವೆ. ಆಷಾಢದಲ್ಲಿ ನಿಮ್ಮ ಪ್ರತಿ ನೆನೆದು ಬಂದರೆ ಒಂದು ಕಾರ್ಡು ಹಾಕಿ, ಇನ್ನೊಂದು ಕಳಿಸುತ್ತೇವೆ.

ಸಂಪಾದಕ