ದನದ ಮಾಂಸದ ಅಡುಗೆಗೆ ಯಾವ ವೈನ್ ಒಳ್ಳೆಯದು?

ಪ್ರಶ್ನೆ: ನಾವು ಕೆಲಸದ ನಿಮಿತ್ತ ಫ್ರಾನ್ಸಿನ ಲಿಯೋನ್ ನಗರದಲ್ಲಿ ನೆಲೆಸಿದ್ದೇವೆ. ಮನೆಗೆ ಬರಲಿರುವ ಅತಿಥಿಗಳಿಗಾಗಿ ಇಲ್ಲಿನ ಪ್ರಸಿದ್ಧ ಬಫ್ ಬೂರ್ಗಿನ್ಯೋನ್ (ದನದ ಮಾಂಸವನ್ನು ಕೆಂಪು ವೈನಿನಲ್ಲಿ ನಿಧಾನವಾಗಿ ಬೇಯಿಸುವ ಅಡುಗೆ) ಮಾಡಬೇಕೆಂದಿದ್ದೇನೆ. ಪಾಕವಿಧಾನದಲ್ಲಿ ಒಂದು ಬಾಟಲಿ ಒಳ್ಳೆಯ ಬರ್ಗಂಡಿ ವೈನ್ ಎಂದಷ್ಟೇ ಇದೆ. ಅಂಗಡಿಯಲ್ಲಿ ಬೆಲೆಗಳನ್ನು ನೋಡಿ ಗೊಂದಲವಾಯಿತು. ದುಬಾರಿ ವೈನ್ ಹಾಕಿದರೆ ರುಚಿ ಹೆಚ್ಚುತ್ತದೆಯೇ? ಮಕ್ಕಳೂ ಊಟಕ್ಕೆ ಕೂರುವುದರಿಂದ, ಬೆಂದ ಮೇಲೆ ಮದ್ಯಸಾರ ಪೂರ್ತಿ ಹೋಗುತ್ತದೆಯೇ ಎಂಬುದನ್ನೂ ತಿಳಿಸಿ.
– ಓದುಗರು, ಲಿಯೋನ್

ಉತ್ತರ: ದುಬಾರಿ ಬಾಟಲಿಯ ಅಗತ್ಯವಿಲ್ಲ. ಈ ಅಡುಗೆಗೆ ಬೇಕಾದದ್ದು ಸಿಹಿಯಿಲ್ಲದ, ಒಗರು ಕಡಿಮೆಯಿರುವ, ಹುಳಿ ಚೆನ್ನಾಗಿರುವ ಮತ್ತು ಓಕ್ ಪೀಪಾಯಿಯ ವಾಸನೆ ಹತ್ತದ ಕೆಂಪು ವೈನ್.

ಏಕೆಂದರೆ 750 ಮಿಲಿಲೀಟರ್ ವೈನ್ ಒಲೆಯ ಮೇಲೆ ಕುದಿದು ಮೂರನೇ ಒಂದು ಭಾಗಕ್ಕೆ ಇಳಿಯುವಾಗ, ಅದರಲ್ಲಿ ಆವಿಯಾಗದೆ ಉಳಿಯುವ ಹುಳಿ, ಸಕ್ಕರೆ ಮತ್ತು ಟ್ಯಾನಿನ್ ಎಂಬ ಒಗರಿನ ಅಂಶ ಹೆಚ್ಚುಕಡಿಮೆ ಮೂರು ಪಟ್ಟು ಗಾಢವಾಗುತ್ತವೆ. ಆದರೆ ನೂರು ಯೂರೋ ಕೊಟ್ಟು ಕೊಂಡ ವೈನಿನಲ್ಲಿ ಜನ ಮೆಚ್ಚುವ ನವಿರಾದ ಪರಿಮಳ ಆವಿಯೊಂದಿಗೆ ಹೊರಟುಹೋಗುತ್ತದೆ. ಹೆಚ್ಚು ಹಣ ತೆತ್ತ ಗುಣವೇ ಮೊದಲು ಕೈಬಿಡುತ್ತದೆ. ಹಾಗಾಗಿ ಶಾಂಬರ್ತೆನ್‌ನಂತಹ ಹೆಸರಾಂತ ವೈನನ್ನು ಪಾತ್ರೆಗೆ ಸುರಿಯುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಅಂಥದ್ದು ಮನೆಯಲ್ಲಿದ್ದರೆ ಊಟದ ಜೊತೆಗೆ ಲೋಟದಲ್ಲಿ ಕೊಡಿ.

ಫ್ರಾನ್ಸಿನ ಬರ್ಗಂಡಿ ಸೀಮೆಯ ಕೆಂಪು ವೈನ್ ಮುಖ್ಯವಾಗಿ ಪಿನೋ ನುವಾರ್ ದ್ರಾಕ್ಷಿಯದು. ಈ ದ್ರಾಕ್ಷಿಯ ಸಿಪ್ಪೆ ತೆಳು, ಒಗರು ಕಡಿಮೆ, ಹುಳಿ ಧಾರಾಳ. ಆ ಸೀಮೆಯ ಅಡುಗೆಗೆ ಅದು ಹೊಂದಿಕೊಂಡಿರುವುದು ಇದರಿಂದಲೇ. ಯಾವ ಹಳ್ಳಿಯ ಹೆಸರೂ ಇಲ್ಲದೆ ಬರೀ ಬೂರ್ಗೋನ್ (ಬರ್ಗಂಡಿಯ ಫ್ರೆಂಚ್ ಹೆಸರು) ಎಂದು ನಮೂದಿಸಿದ ಸಾಮಾನ್ಯ ಬಾಟಲಿ ಸಾಕು. ಅದೂ ದುಬಾರಿ ಅನಿಸಿದರೆ ನೀವಿರುವ ಜಾಗವೇ ನಿಮಗೆ ಅನುಕೂಲಕರವಾಗಿದೆ: ನಿಮ್ಮ ಊರಿನ ಉತ್ತರಕ್ಕೇ ಬೋಜೋಲೆ ಸೀಮೆಯಿದೆ, ಅಲ್ಲಿನ ಗಾಮೇ ದ್ರಾಕ್ಷಿಯ ವೈನ್ ಕೂಡ ಇದೇ ಗುಣದ್ದು. 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್, ಗಾಮೇ ಬಳ್ಳಿಗಳನ್ನು ತನ್ನ ನಾಡಿನಿಂದ ಕಿತ್ತುಹಾಕಬೇಕೆಂದು ಆಜ್ಞೆ ಹೊರಡಿಸಿದ್ದನಾದರೂ, ಒಲೆಯ ಮೇಲಿನ ಕೆಲಸಕ್ಕೆ ಅದು ಪಿನೋಗಿಂತ ಕಡಿಮೆಯೇನಲ್ಲ. ದಕ್ಷಿಣದ ಕೋತ್ ದ್ಯು ರೋನ್ ತುಸು ದಪ್ಪ ರುಚಿಯದು, ಅದೂ ಆಗುತ್ತದೆ.

ಒಗರು ಹೆಚ್ಚಿರುವ ಎಳೆಯ ಕ್ಯಾಬರ್ನೆ ಸೋವಿನ್ಯೋನ್, ಉಪ್ಪು ಬೆರೆಸಿ ಅಡುಗೆಗೆಂದೇ ಮಾರುವ ವೈನ್ ಮತ್ತು ನಮ್ಮ ಕಡೆ ಪೋರ್ಟ್ ಎಂದು ಸಿಗುವ ಸಿಹಿ ವೈನ್ ಬೇಡ.

ಕೊಂಡ ಬಾಟಲಿಯ ಬಗ್ಗೆ ಅನುಮಾನವಿದ್ದರೆ ಹಿಂದಿನ ದಿನವೇ ಅರ್ಧ ಲೋಟ ವೈನನ್ನು ಪುಟ್ಟ ಸ್ಟೀಲ್ ಪಾತ್ರೆಯಲ್ಲಿ ಎರಡು ಚಮಚದಷ್ಟಾಗುವವರೆಗೆ ಕುದಿಸಿ, ಆರಿಸಿ, ನಾಲಿಗೆಯ ಮೇಲೆ ಹಾಕಿಕೊಂಡು ನೋಡಿ. ಹುಳಿಯ ಹಿಂದೆಯೇ ಹಣ್ಣಿನ ರುಚಿ ಬಂದರೆ ವೈನ್ ಸರಿಯಾಗಿದೆ; ಬಲಿಯದ ಬಾಳೆಕಾಯಿ ಕಚ್ಚಿದಂತೆ ಬಾಯಿ ಒಗರಾಗಿ ಹಿಡಿದುಕೊಂಡರೆ ಸಾರಿನಲ್ಲೂ ಆ ಒಗರು ಕಾಣಿಸಿಕೊಳ್ಳುತ್ತದೆ.

ವೈನ್ ಎಷ್ಟೇ ಒಳ್ಳೆಯದಾದರೂ ಮಾಂಸದ ಆಯ್ಕೆ ತಪ್ಪಿದರೆ ಪ್ರಯೋಜನವಿಲ್ಲ. ಕಸಾಯಿಯವರಲ್ಲಿ ಭುಜದ ಪಾಲ್ರೋನ್ ಭಾಗವನ್ನೋ ಕೆನ್ನೆಯ ಮಾಂಸವನ್ನೋ ಕೇಳಿ. ಇವುಗಳಲ್ಲಿರುವ ಕೊಲಾಜೆನ್ ಎಂಬ ಗಟ್ಟಿ ನಾರಿನಂಶ ಸಣ್ಣ ಉರಿಯಲ್ಲಿ ಮೂರು ಗಂಟೆ ಬೆಂದಾಗ ಜೆಲಾಟಿನ್ ಆಗಿ ಕರಗಿ, ವೈನಿನ ಹುಳಿಯನ್ನು ಮೆದುವಾಗಿಸುವ ಮಂದ ಸಾರು ಕೊಡುತ್ತದೆ. ತುಂಡುಗಳ ತೇವ ಒರೆಸಿ, ಒಂದಕ್ಕೊಂದು ತಾಗದಂತೆ ಇಟ್ಟು ಕಂದು ಬಣ್ಣ ಬರುವವರೆಗೆ ಹುರಿದು ತೆಗೆದಿಡಿ. ನಂತರ ಅದೇ ಪಾತ್ರೆಗೆ ವೈನ್ ಸುರಿದು, ತಳಕ್ಕೆ ಹತ್ತಿದ್ದನ್ನು ಮರದ ಸೌಟಿನಿಂದ ಕೆರೆದು ಬಿಡಿಸಿ. ಮಾಂಸವನ್ನು ಮರಳಿ ಹಾಕುವ ಮುನ್ನ ಹತ್ತು ನಿಮಿಷ ವೈನನ್ನೇ ಕುದಿಸಿದರೆ ಹಸಿ ವಾಸನೆ ಹೋಗುತ್ತದೆ. ಎನಾಮೆಲ್ ಲೇಪಿಸಿದ ಬೀಡಿನ ಪಾತ್ರೆ ಇದಕ್ಕೆ ಉತ್ತಮ. ಬರೀ ಅಲ್ಯೂಮಿನಿಯಂ ಪಾತ್ರೆ ವೈನಿನ ಹುಳಿಗೆ ಪ್ರತಿಕ್ರಿಯಿಸಿ ಲೋಹದ ರುಚಿ ಬಿಡುತ್ತದೆ.

ಇನ್ನು ಮಕ್ಕಳ ವಿಚಾರ. ಮದ್ಯಸಾರ ಪೂರ್ತಿ ಹೋಗುತ್ತದೆ ಎಂಬ ನಂಬಿಕೆ ಸರಿಯಲ್ಲ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ ಒಂದು ಗಂಟೆ ಬೇಯಿಸಿದಾಗ ಶೇಕಡ 25ರಷ್ಟು, ಎರಡೂವರೆ ಗಂಟೆಯ ನಂತರ ಶೇಕಡ 5ರಷ್ಟು ಉಳಿಯುತ್ತದೆ. ಶೇಕಡ 13ರ ವೈನಿನ ಒಂದು ಬಾಟಲಿಯಲ್ಲಿ ಸುಮಾರು 97 ಮಿಲಿಲೀಟರ್ ಮದ್ಯಸಾರವಿರುವುದರಿಂದ, ಕೊನೆಗೆ ಇಡೀ ಪಾತ್ರೆಯಲ್ಲಿ ಸುಮಾರು ಐದು ಮಿಲಿಲೀಟರ್ ಇರಬಹುದು. ಮುಚ್ಚಳ ಬಿಗಿಯಾಗಿದ್ದರೆ ಅದಕ್ಕಿಂತ ಹೆಚ್ಚು. ಅಷ್ಟೂ ಬೇಡವೆಂದರೆ ಮಕ್ಕಳ ಪಾಲಿನ ಮಾಂಸವನ್ನು ಬೇರೆ ಪಾತ್ರೆಯಲ್ಲಿ ಮೂಳೆಯ ಸಾರು, ಕ್ಯಾರೆಟ್, ಸಣ್ಣ ಈರುಳ್ಳಿ ಮತ್ತು ಅಣಬೆ ಹಾಕಿ ಬೇಯಿಸಿ, ಇಳಿಸುವ ಮುನ್ನ ಹುಳಿಗೆ ತಕ್ಕಷ್ಟು ನಿಂಬೆರಸ ಹಿಂಡಿ.