ಪೆನ್ಸಿಲ್ಲಿನಲ್ಲಿ ಬರೆದ ಅರ್ಥಗಳು

ನನ್ನ ಬಳಿ ಆಪ್ತಸಲಹೆ ಕೇಳಿ ಬಂದವರು ಮಲೆನಾಡಿನ ಅಂಚಿನ ತಾಲ್ಲೂಕೊಂದರಲ್ಲಿ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಲವತ್ತರ ಹತ್ತಿರದ ಪ್ರಾಯ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಊರು, ಮನೆ, ಕುಟುಂಬದ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಮಾತುಕತೆಯಲ್ಲಿ ನಾನು ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದೆ, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

“ತಂಗಿಯ ಒತ್ತಾಯಕ್ಕೆ ಬಂದೆ ಮೇಡಂ” ಎಂದರು ಮೊದಲ ದಿನ. ಎರಡು ತಿಂಗಳಿಂದ ಸರಿಯಾಗಿ ನಿದ್ರೆಯಿಲ್ಲ. ಮಧ್ಯರಾತ್ರಿ ಎಚ್ಚರವಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬೆಳಿಗ್ಗೆ ಶಾಲೆಯಲ್ಲಿ ಮಕ್ಕಳ ಮೇಲೆ ಸುಮ್ಮನೆ ರೇಗುತ್ತಾರೆ. ಎದೆಬಡಿತ ಎಂದ ಕೂಡಲೇ ಅದನ್ನು ಆತಂಕವೆಂದು ಬರೆದುಕೊಳ್ಳುವುದು ತಪ್ಪು. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದೆ. ಥೈರಾಯ್ಡ್ ಸರಿಯಿತ್ತು, ರಕ್ತ ಸ್ವಲ್ಪ ಕಡಿಮೆಯಿತ್ತು, ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು. ಆ ಮಾತ್ರೆಗೆ ಸಿಗದ ಭಾಗ ಎರಡನೆಯ ಭೇಟಿಯಲ್ಲಿ ಹೊರಬಂತು.

ಟೀಚರ್ ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಬಿ.ಇಡಿ. ಪ್ರವೇಶ ಪರೀಕ್ಷೆಗೆ ಓದುತ್ತಿದ್ದರು. ಪಿಯುಸಿ ಮುಗಿಸಿ ಡಿ.ಇಡಿ. ಮಾಡಿದವರು, ಕೆಲಸ ಸಿಕ್ಕ ಮೇಲೆ ದೂರಶಿಕ್ಷಣದಲ್ಲಿ ಬಿ.ಎ. ಪಡೆದವರು. ಪ್ರೌಢಶಾಲೆಗೆ ಬಡ್ತಿ ಬೇಕಾದರೆ ಪದವಿಯ ಜೊತೆಗೆ ಬಿ.ಇಡಿ. ಇರಬೇಕು. ಎರಡು ವರ್ಷ ರಜೆ ಹಾಕಿ ಕಾಲೇಜಿನಲ್ಲಿ ಕೂರುವ ಸ್ಥಿತಿ ಮನೆಯಲ್ಲಿರಲಿಲ್ಲ. ತರಬೇತಿ ಪಡೆದು ಕೆಲಸದಲ್ಲಿರುವ ಪ್ರಾಥಮಿಕ ಶಿಕ್ಷಕರಿಗೆ ದೂರಶಿಕ್ಷಣದ ಈ ದಾರಿ ತೆರೆದಿದೆ. ಪರೀಕ್ಷೆ ನೂರು ಅಂಕಗಳದ್ದು, ಎರಡು ಗಂಟೆ, ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ನೂರು ಪ್ರಶ್ನೆಗಳು. ಅದರಲ್ಲಿ ಇಂಗ್ಲಿಷ್ ಗದ್ಯಭಾಗ ಓದಿ ಉತ್ತರಿಸುವುದಕ್ಕೆ 10 ಅಂಕ, ತಾರ್ಕಿಕ ಚಿಂತನೆಗೆ 20, ಶೈಕ್ಷಣಿಕ ಮತ್ತು ಸಾಮಾನ್ಯ ಜ್ಞಾನಕ್ಕೆ 25, ಬೋಧನೆ, ಕಲಿಕೆ, ಶಾಲೆಯ ಕುರಿತು 25, ಆಯ್ದ ವಿಷಯಕ್ಕೆ 20. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಇದನ್ನೆಲ್ಲ ಕೇಳಿ ನಾನು ಅವಸರಪಟ್ಟೆ. “ಹತ್ತು ಅಂಕಕ್ಕಾಗಿ ಇಷ್ಟು ನಿದ್ರೆ ಕೆಡಿಸಿಕೊಳ್ಳಬೇಕೇ ಟೀಚರ್? ಉಳಿದ ತೊಂಬತ್ತು ನಿಮ್ಮ ಕೈಯಲ್ಲೇ ಇವೆಯಲ್ಲ” ಎಂದೆ. ಅವರು ಸ್ವಲ್ಪ ಹೊತ್ತು ನೆಲ ನೋಡಿದರು. “ಮೇಡಂ, ಆ ತೊಂಬತ್ತು ಪ್ರಶ್ನೆಗಳೂ ಇಂಗ್ಲಿಷಿನಲ್ಲೇ ಇರುತ್ತವೆ. ಇಲ್ಲದಿದ್ದರೆ ಹಿಂದಿಯಲ್ಲಿ” ಎಂದರು.

ಅವರು ಹೇಳಿದ್ದು ಸರಿ. ಮಗುವಿನ ಕಲಿಕೆಯ ಬಗ್ಗೆ ಹದಿನೈದು ವರ್ಷದ ಅನುಭವವಿದ್ದರೂ ಪ್ರಶ್ನೆಯೇ ಅರ್ಥವಾಗದಿದ್ದರೆ ಅದು ಅಂಕವಾಗಿ ಬರುವುದಿಲ್ಲ. ಸೀಟು ಸಿಕ್ಕ ಮೇಲೂ ಪಠ್ಯ ಆ ಎರಡು ಭಾಷೆಗಳಲ್ಲೇ. ಅಂದೇ ನನ್ನ ಯೋಜನೆಯನ್ನು ಬದಲಿಸಿಕೊಂಡೆ. ಮುಂದಿನ ಬಾರಿ ನಿಮ್ಮ ಅಭ್ಯಾಸದ ನೋಟುಪುಸ್ತಕ ತನ್ನಿ, ಅಂಕ ನೋಡುವುದಕ್ಕಲ್ಲ, ನೀವು ಓದುವ ರೀತಿಯನ್ನು ನೋಡುವುದಕ್ಕೆ ಎಂದು ಹೇಳಿ ಕಳುಹಿಸಿದೆ.

ಆ ನೋಟುಪುಸ್ತಕ ನನಗೆ ಇಡೀ ಪ್ರಕರಣವನ್ನು ಬಿಡಿಸಿ ತೋರಿಸಿತು. ರಾತ್ರಿ ಪಾತ್ರೆ ತೊಳೆದು, ಮಗಳು ಮಲಗಿದ ಮೇಲೆ, ಹತ್ತರಿಂದ ಹನ್ನೆರಡರವರೆಗೆ ಮಾಡಿದ ಕೆಲಸ. ಗದ್ಯಭಾಗವನ್ನು ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ನಕಲು ಮಾಡಿ, ಪ್ರತಿ ಪದದ ಮೇಲೂ ಪೆನ್ಸಿಲ್ಲಿನಲ್ಲಿ ಕನ್ನಡದ ಅರ್ಥ ಬರೆದಿದ್ದರು. ದುಂಡಗಿನ ಅಕ್ಷರ, ಒಂದೂ ಕಾಗುಣಿತದ ತಪ್ಪಿಲ್ಲ. ಇಷ್ಟು ಶ್ರದ್ಧೆಯಿಂದ ಓದುವವರಿಗೆ ಹತ್ತರಲ್ಲಿ ಮೂರು ಅಂಕ ಬರುತ್ತಿತ್ತು.

ಎಲ್ಲಿ ಕೆಡುತ್ತಿದೆ ಎಂದು ಇಬ್ಬರೂ ಕುಳಿತು ನೋಡಿದೆವು. ದೊಡ್ಡ ಪದಗಳ ಅರ್ಥವೆಲ್ಲ ಸರಿ, ನಿಘಂಟು ನೋಡಿ ಬರೆದದ್ದು. ಸಣ್ಣ ಪದಗಳಿಗೆ ಮಾತ್ರ ನಿಘಂಟು ನೋಡಿರಲಿಲ್ಲ, ಏಕೆಂದರೆ ಅವು ‘ಗೊತ್ತಿರುವ’ ಪದಗಳು. ‘ಹಾರ್ಡ್ಲಿ’ ಎಂಬುದರ ಮೇಲೆ ‘ಕಷ್ಟಪಟ್ಟು’ ಎಂದಿತ್ತು. ಹುಡುಗನೊಬ್ಬ ಆ ವರ್ಷ ಓದಿದ್ದೇ ಇಲ್ಲ ಎನ್ನುವಷ್ಟು ಕಡಿಮೆ ಓದಿದ ಎಂದು ಗದ್ಯ ಹೇಳುತ್ತಿದ್ದರೆ, ಟೀಚರ್ ಮನಸ್ಸಿನಲ್ಲಿ ಆ ಹುಡುಗ ಕಷ್ಟಪಟ್ಟು ಓದುತ್ತಿದ್ದ. ಅಲ್ಲಿಂದ ಮುಂದೆ ಅವನು ಫೇಲಾದದ್ದು ಅವರಿಗೆ ಅನ್ಯಾಯವಾಗಿ ಕಂಡಿತ್ತು. ಐದು ಉತ್ತರಗಳಲ್ಲಿ ನಾಲ್ಕು ತಪ್ಪು. ಇನ್ನೊಂದು ಕಡೆ ‘ಫ್ಯೂ’ ಎಂಬುದರ ಮೇಲೆ ‘ಕೆಲವರು’ ಎಂದಿತ್ತು. ಹಿಂದೆ ‘ಎ’ ಇದ್ದರೆ ಕೆಲವರು ಬಂದರು ಎಂದರ್ಥ. ಅದಿಲ್ಲದ ಬರಿಯ ‘ಫ್ಯೂ’ ಇದ್ದರೆ ಬಂದವರು ಬಹಳ ಕಡಿಮೆ ಎಂಬ ಕೊರಗು ಅದರಲ್ಲಿರುತ್ತದೆ. ‘ಸಿನ್ಸ್’ ಕಂಡಲ್ಲೆಲ್ಲ ‘ಅಂದಿನಿಂದ’ ಎಂದು ಬರೆದಿದ್ದರು, ಅದು ‘ಏಕೆಂದರೆ’ ಎಂಬ ಅರ್ಥದಲ್ಲಿ ಬಂದ ಕಡೆಯೂ. ‘ವೈಲ್’ ಎಂಬುದು ಎರಡು ಸಂಗತಿಗಳನ್ನು ಎದುರುಬದುರು ನಿಲ್ಲಿಸುತ್ತಿದ್ದಾಗಲೂ ‘ಆ ಹೊತ್ತಿನಲ್ಲಿ’ ಎಂದೇ ಬರೆದಿದ್ದರು.

ಇದಕ್ಕೆ ಕಾರಣ ಅವರ ದಡ್ಡತನ ಎಂದು ಅವರೇ ನಂಬಿದ್ದರು. ನನಗೆ ತೋರಿದ ಕಾರಣ ಬೇರೆ. ಕನ್ನಡದ ವಾಕ್ಯದಲ್ಲಿ ಹೌದು, ಅಲ್ಲ ಎಂಬ ತೀರ್ಮಾನ ಕೊನೆಯಲ್ಲಿ ಬರುತ್ತದೆ. ‘ಅವನು ನಿನ್ನೆ ಸಂತೆಗೆ ಹೋಗಿ ತರಕಾರಿ ತಂದು’ ಎನ್ನುವವರೆಗೆ ಏನೂ ಇತ್ಯರ್ಥವಾಗುವುದಿಲ್ಲ, ‘ಕೊಡಲಿಲ್ಲ’ ಎಂದಾಗಲೇ ವಾಕ್ಯ ತಿರುಗುತ್ತದೆ. ಇಲ್ಲ, ಅಲ್ಲ, ಬೇಡ, ಬಾರದು, ಎಲ್ಲವೂ ತುದಿಯಲ್ಲಿ. ಕನ್ನಡದ ಕಿವಿ ತುದಿಗಾಗಿ ಕಾಯುತ್ತದೆ. ಇಂಗ್ಲಿಷಿನಲ್ಲಿ ಆ ತಿರುವು ಮೊದಲಲ್ಲೋ ನಡುವಿನಲ್ಲೋ ಒಂದು ಪುಟ್ಟ ಪದದೊಳಗೆ ಆಗಿಹೋಗಿರುತ್ತದೆ. ಕಾಯುತ್ತಾ ಕುಳಿತವರಿಗೆ ಅದು ದಾಟಿಹೋದದ್ದೇ ತಿಳಿಯುವುದಿಲ್ಲ. ವಿಶೇಷಣವಾಗಿ ಬರುವ ಉಪವಾಕ್ಯಗಳದ್ದೂ ಇದೇ ಕಥೆ. ‘ನಿನ್ನೆ ಬಂದ ಹುಡುಗ’ ಎಂದು ನಾವು ಹುಡುಗನನ್ನು ಕೊನೆಗೆ ತರುತ್ತೇವೆ. ಇಂಗ್ಲಿಷ್ ಹುಡುಗನನ್ನು ಮೊದಲು ನಿಲ್ಲಿಸಿ, ಅವನು ಯಾವ ಹುಡುಗ ಎಂಬ ವಿವರವನ್ನು ಹಿಂದೆ ಜೋಡಿಸುತ್ತಾ ಹೋಗುತ್ತದೆ. ಆ ವಿವರ ಮೂರು ಸಾಲು ಬೆಳೆದರೆ ಕ್ರಿಯಾಪದ ಬರುವ ಹೊತ್ತಿಗೆ ಹುಡುಗ ಮರೆತುಹೋಗಿರುತ್ತಾನೆ. ಪದಕ್ಕೆ ಪದ ಕನ್ನಡ ಮಾಡುತ್ತಾ ಓದಿದವರಿಗೆ ಈ ತೊಡಕು ಇಮ್ಮಡಿ.

ಇಷ್ಟು ಹೇಳಿದಾಗ ಟೀಚರ್ ಅತ್ತರು. ಸಮಾಧಾನದ ಅಳುವಿರಬಹುದು ಎಂದುಕೊಂಡೆ. ಅದು ಹಾಗಿರಲಿಲ್ಲ, ಅದರ ಹಿಂದೆ ಹಳೆಯದೊಂದು ಗಾಯವಿತ್ತು. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಕಲಿಸಲು ಶುರುವಾದದ್ದು 2007-08ರಲ್ಲಿ. ಅವರು ಓದುವಾಗ ಅದು ಐದನೇ ತರಗತಿಯಲ್ಲಿ ಎದುರಾಗುತ್ತಿತ್ತು. ಪ್ರೌಢಶಾಲೆಯಲ್ಲಿ ಒಮ್ಮೆ ಪಾಠವನ್ನು ಗಟ್ಟಿಯಾಗಿ ಓದಲು ನಿಲ್ಲಿಸಿದಾಗ ‘ಐಲ್ಯಾಂಡ್’ ಎಂಬ ಪದವನ್ನು ಅಕ್ಷರ ಅಕ್ಷರ ಕೂಡಿಸಿ ‘ಇಸ್ಲ್ಯಾಂಡ್’ ಎಂದು ಓದಿದರು. ತರಗತಿಯೆಲ್ಲ ನಕ್ಕಿತು, ಮೇಷ್ಟರೂ ನಕ್ಕರು. ವರ್ಷಗಟ್ಟಲೆ ಅದೇ ಅಡ್ಡಹೆಸರು. ಈಗ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಗಳು ಅಮ್ಮನ ಉಚ್ಚಾರಣೆ ತಿದ್ದುತ್ತಾಳೆ. ಮಗುವಿನ ತಪ್ಪಿಲ್ಲ, ಅವಳು ಪ್ರೀತಿಯಿಂದಲೇ ತಿದ್ದುತ್ತಾಳೆ. ಆದರೆ ಅಮ್ಮನಿಗೆ ಆ ತರಗತಿಯ ನಗು ಕೇಳಿಸುತ್ತದೆ. ಮನಸ್ಸಿನಲ್ಲಿ ಓದುವಾಗಲೂ ಅವರ ಗಂಟಲು ಬಿಗಿಯುತ್ತಿತ್ತು, ಪ್ರತಿ ಪದದ ಉಚ್ಚಾರಣೆ ಸರಿಯೇ ಎಂದು ಯಾರೋ ಪಕ್ಕದಲ್ಲಿ ಕೇಳುತ್ತಿರುವಂತೆ. ಅರಿಯದ ಪದ ಬಂದ ಕೂಡಲೇ ಕಣ್ಣು ಹಿಂದಕ್ಕೆ, ವಾಕ್ಯದ ಮೊದಲಿಗೆ ಓಡುತ್ತಿತ್ತು. ಹೀಗೆ ಒಂದು ವಾಕ್ಯವನ್ನು ಅವರು ನಾಲ್ಕೈದು ಬಾರಿ ಓದುತ್ತಿದ್ದರು.

ಈ ಪರೀಕ್ಷೆಯಲ್ಲಿ ಯಾರೂ ನಿಮ್ಮನ್ನು ಗಟ್ಟಿಯಾಗಿ ಓದಿಸುವುದಿಲ್ಲ ಟೀಚರ್ ಎಂದು ಎಷ್ಟು ಬಾರಿ ಹೇಳಿದರೂ ಅದು ತಲೆಗೆ ಹೋಗುತ್ತಿತ್ತೇ ಹೊರತು ಗಂಟಲಿಗೆ ಇಳಿಯುತ್ತಿರಲಿಲ್ಲ. ದಾರಿ ಸಿಕ್ಕಿದ್ದು ಅವರ ಶಾಲೆಯ ಮಾತು ಬಂದಾಗ. ಅವರು ಒಂದರಿಂದ ಮೂರನೇ ತರಗತಿಯ ನಲಿ-ಕಲಿ ಶಿಕ್ಷಕಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ ಮುಂದೆ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ ಅದು. ಅಲ್ಲಿ ಮಗು ತಾನಿರುವ ಮೆಟ್ಟಿಲಿನಿಂದ ಕಲಿಕಾ ಏಣಿ ಹತ್ತುತ್ತದೆ, ಪಕ್ಕದ ಮಗು ಎಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ. ಒಂದು ವಾರ ಗೈರಾಗಿದ್ದ ಮಗು ಬಂದರೆ ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತದೆ. ಇದನ್ನು ವಿವರಿಸುವಾಗ ಟೀಚರ್ ಮುಖವೇ ಬೇರೆಯಾಗಿತ್ತು. ಕೇಳಿದೆ: “ಅಕ್ಷರ ಕೂಡಿಸಿ ಓದುವ ಮಗುವನ್ನು ನೋಡಿ ನೀವು ನಗುತ್ತೀರಾ?” ಅವರಿಗೆ ಸಿಟ್ಟೇ ಬಂತು. “ಎಲ್ಲಾದರೂ ಉಂಟೇ ಮೇಡಂ!” ಎಂದರು. “ಹಾಗಾದರೆ ಈ ದೊಡ್ಡ ವಿದ್ಯಾರ್ಥಿನಿಗೂ ಒಂದು ಏಣಿ ಮಾಡಿಕೊಡಿ” ಎಂದೆ. ಮುಂದಿನ ವಾರ ರಟ್ಟಿನ ಮೇಲೆ ಬಣ್ಣದ ಪೆನ್ನಿನಲ್ಲಿ ಬರೆದು ತಂದರು.

ಅದರಲ್ಲಿ ನಾನು ತಿದ್ದಿದ್ದು ಸ್ವಲ್ಪವೇ. ರಾತ್ರಿಯ ಓದು ಪೂರ್ತಿ ನಿಲ್ಲಬೇಕು ಎಂದು ಮಾತ್ರ ಖಂಡಿತವಾಗಿ ಹೇಳಿದೆ. ದಣಿದ ಮೆದುಳಿಗೆ ಓದಿದ್ದು ಉಳಿಯುವುದಿಲ್ಲ, ಅದು ಹೆದರಿಕೆಯನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಬೆಳಿಗ್ಗೆ ಒಲೆಯ ಮೇಲೆ ಅಕ್ಕಿ ಬೇಯುವ ಹೊತ್ತಿನ ಇಪ್ಪತ್ತೈದು ನಿಮಿಷ ಸಾಕು. ಮೊದಲ ಮೆಟ್ಟಿಲಿಗೆ ಪ್ರವೇಶ ಪರೀಕ್ಷೆಯ ಹಳೆಯ ಪತ್ರಿಕೆಗಳನ್ನು ಮುಟ್ಟುವುದೇ ಬೇಡ, ಎಂಟನೇ ತರಗತಿಯ ಕನ್ನಡ ಮಾಧ್ಯಮದ ಮಕ್ಕಳ ಇಂಗ್ಲಿಷ್ ಪಠ್ಯ ಸಾಕು ಎಂದು ಅವರೇ ಆರಿಸಿಕೊಂಡರು. ನನಗೆ ಅದು ತುಂಬ ಇಷ್ಟವಾಯಿತು.

ಒಂದು ಗದ್ಯಭಾಗಕ್ಕೆ ಮೂರು ದಿನ. ಮೊದಲ ದಿನ ನಿಘಂಟು ಕಪಾಟಿನಲ್ಲೇ ಇರಬೇಕು. ಓದಿದ ಸಾಲನ್ನು ಒಂದು ರಟ್ಟಿನಿಂದ ಮುಚ್ಚುತ್ತಾ ಕೆಳಗಿಳಿಯಬೇಕು, ಕಣ್ಣು ಹಿಂದಕ್ಕೆ ಓಡದಂತೆ. ತಿಳಿಯದ ಪದ ಬಂದರೆ ‘ಏನೋ ಒಂದು ವಸ್ತು’, ‘ಏನೋ ಒಂದು ಗುಣ’ ಎಂದುಕೊಂಡು ದಾಟಬೇಕು. ಹಳಗನ್ನಡದ ಪದ್ಯವನ್ನು ಯಾರಾದರೂ ಹಾಡಿದಾಗ ಎಲ್ಲ ಪದವೂ ನಮಗೆ ತಿಳಿಯುವುದಿಲ್ಲ, ಆದರೂ ಯಾರು ಯಾರ ಮೇಲೆ ಕೋಪಗೊಂಡರು ಎಂಬುದು ತಿಳಿಯುತ್ತದಲ್ಲ, ಅಷ್ಟು ತಿಳಿದರೆ ಸಾಕು. ಮುಗಿದ ಮೇಲೆ ಇದು ಯಾವುದರ ಬಗ್ಗೆ ಎಂದು ಕನ್ನಡದಲ್ಲಿ ಒಂದೇ ವಾಕ್ಯ, ಬಾಯಿಬಿಟ್ಟು ಹೇಳಬೇಕು. ಎರಡನೇ ದಿನ ಸಣ್ಣ ಪದಗಳ ಬೇಟೆ. ಬಟ್, ದೋ, ಅನ್‌ಲೆಸ್, ಹಾರ್ಡ್ಲಿ, ಓನ್ಲಿ, ಸಿನ್ಸ್ ಇಂಥವುಗಳಿಗೆ ಸುತ್ತು ಹಾಕಿ, ವಾಕ್ಯ ಅಲ್ಲಿ ಯಾವ ಕಡೆ ತಿರುಗಿತು ಎಂದು ನೋಡುವುದು. ಉದ್ದ ವಾಕ್ಯದಲ್ಲಿ ಮೊದಲು ಎರಡೇ ಪ್ರಶ್ನೆ: ಯಾರು, ಏನು ಮಾಡಿದರು? ಆ ಎರಡಕ್ಕೆ ಗೆರೆ ಎಳೆದ ಮೇಲೆ ಮಿಕ್ಕದ್ದನ್ನು ಓದುವುದು. ನಿಘಂಟು ತೆಗೆಯುವುದು ಆಮೇಲೆ, ಅದೂ ಮೂರೇ ಪದಕ್ಕೆ.

ಮೂರನೇ ದಿನ ಪ್ರಶ್ನೆಗಳು. ಇಲ್ಲಿ ಟೀಚರಿಗೆ ವಿಚಿತ್ರ ತೊಂದರೆಯೊಂದಿತ್ತು, ಅದು ಅನುಭವಸ್ಥ ಶಿಕ್ಷಕರೆಲ್ಲರಿಗೂ ಬರಬಹುದಾದದ್ದು. ಗದ್ಯ ಶಾಲೆಯ ಶಿಸ್ತಿನ ಬಗ್ಗೆ ಇದ್ದರೆ, ಗದ್ಯದಲ್ಲಿರುವುದನ್ನು ಬಿಟ್ಟು ತಾವು ನಂಬಿದ ಉತ್ತರವನ್ನು ಗುರುತು ಹಾಕುತ್ತಿದ್ದರು. ಆ ಉತ್ತರ ಜಗತ್ತಿನಲ್ಲಿ ಸತ್ಯ, ಗದ್ಯದಲ್ಲಿ ಮಾತ್ರ ಇರುವುದಿಲ್ಲ. ಪ್ರಶ್ನೆ ಮಾಡುವವರು ಬೇಕೆಂದೇ ಅಂಥದ್ದೊಂದನ್ನು ಇಟ್ಟಿರುತ್ತಾರೆ. ಗದ್ಯದ ಪದಗಳನ್ನೇ ಎತ್ತಿಟ್ಟು ಅರ್ಥವನ್ನು ಬೇರೆ ಮಾಡಿದ್ದೊಂದು, ಅರ್ಧ ಸರಿ ಅರ್ಧ ತಪ್ಪಾದದ್ದೊಂದು, ‘ಯಾವಾಗಲೂ’, ‘ಎಲ್ಲರೂ’ ಎಂದು ಎಳೆದು ಹೇಳಿದ್ದೊಂದು, ಹೀಗೆ ಸುಳ್ಳು ಉತ್ತರಗಳಿಗೂ ಜಾತಿಗಳಿವೆ. ಸರಿಯಾದುದನ್ನು ಗುರುತಿಸಿದರೆ ಸಾಲದು, ಉಳಿದ ಮೂರು ಏಕೆ ತಪ್ಪು ಎಂದು ಕನ್ನಡದಲ್ಲಿ ಒಂದೊಂದು ಸಾಲು ಬರೆಯಿರಿ ಎಂದೆ. ನಾನು ಕೊಟ್ಟ ಸಲಹೆಗಳಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ ಎಂದು ಆಮೇಲೆ ಅವರೇ ಹೇಳಿದರು.

ಮಗಳ ವಿಷಯಕ್ಕೆ ಒಂದು ಮಾತು ಸೇರಿಸಿದೆ. ಅವಳನ್ನು ಗುರುವಾಗಿ ಕೂರಿಸಬೇಡಿ, ಕೇಳುವವಳಾಗಿ ಕೂರಿಸಿ, ಮೊದಲ ದಿನದ ಆ ಒಂದು ವಾಕ್ಯವನ್ನು ಅವಳಿಗೆ ಹೇಳಿ. ಎರಡು ವಾರದ ಮೇಲೆ ಟೀಚರ್ ಹೇಳಿದ್ದು ನನ್ನನ್ನು ಯೋಚನೆಗೆ ಹಚ್ಚಿತು. ಮಗಳು ಅದೇ ಗದ್ಯವನ್ನು ಸರಾಗವಾಗಿ, ಸೊಗಸಾಗಿ ಓದಿದಳಂತೆ. ಇದರಲ್ಲಿ ಏನು ಹೇಳಿದ್ದಾರೆ ಪುಟ್ಟಿ ಎಂದು ಕೇಳಿದರೆ ಅವಳಿಗೆ ಹೇಳಲು ಬರಲಿಲ್ಲವಂತೆ. ಓದುವ ಸದ್ದು ಒಂದು, ಅರ್ಥ ಇನ್ನೊಂದು ಎಂಬುದನ್ನು ನಾನು ಎಷ್ಟು ಬಾರಿ ಹೇಳಿದ್ದರೂ ಆಗದ್ದು ಆ ಸಂಜೆ ಆಯಿತು. ಆಮೇಲೆ ಇಬ್ಬರೂ ಒಟ್ಟಿಗೆ ರಟ್ಟು ಹಿಡಿದು ಕೂರತೊಡಗಿದರು. ನಿದ್ರೆ ಅಷ್ಟರಲ್ಲಿ ಹದಕ್ಕೆ ಬಂದಿತ್ತು.

ಮೂರನೇ ತಿಂಗಳು ಮೆಟ್ಟಿಲು ಬದಲಾಯಿತು. ಒಂದೇ ಸುದ್ದಿಯನ್ನು ಮೊದಲು ಕನ್ನಡ ಪತ್ರಿಕೆಯಲ್ಲಿ, ಬಳಿಕ ಇಂಗ್ಲಿಷ್ ಪತ್ರಿಕೆಯಲ್ಲಿ ಓದುವುದು. ವಿಷಯ ಮೊದಲೇ ತಿಳಿದಿದ್ದರೆ ಭಾಷೆ ಅರ್ಧ ಸುಲಭ. ಕೊನೆಯ ಆರು ವಾರ ಮಾತ್ರ ಹಳೆಯ ಪ್ರಶ್ನೆಪತ್ರಿಕೆಗಳು, ಗಡಿಯಾರ ಎದುರಿಗಿಟ್ಟುಕೊಂಡು. ಪರೀಕ್ಷೆಗೆ ಹೋಗುವ ಮುನ್ನ ಹೇಳಿದ್ದು ಇಷ್ಟೇ: ನಿಮಗೆ ಸಲೀಸಾದ ಬೋಧನೆಯ ಭಾಗದಿಂದ ಶುರುಮಾಡಿ, ಗದ್ಯಭಾಗಕ್ಕೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ, ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಗಂಟಲು ಬಿಗಿದರೆ ಒಂದು ಗುಟುಕು ನೀರು ಕುಡಿದು, ರಟ್ಟು ಇಟ್ಟುಕೊಳ್ಳುತ್ತಿದ್ದ ಜಾಗದಲ್ಲಿ ಅಂಗೈ ಇಟ್ಟು ಮುಂದಿನ ಸಾಲಿಗೆ ಹೋಗಿ.

ಹತ್ತರಲ್ಲಿ ಏಳು ಸರಿಯಾಗಿದ್ದವು ಎಂದು ಅವರು ಉತ್ತರ ತಾಳೆ ನೋಡಿ ಲೆಕ್ಕ ಹಾಕಿದರು. ಸೀಟು ಸಿಕ್ಕಿತು. ಅಧ್ಯಯನ ಕೇಂದ್ರ ಬಸ್ಸಿನಲ್ಲಿ ಎರಡೂವರೆ ಗಂಟೆಯ ದಾರಿ. ಈಗ ಅವರು ಮತ್ತೆ ಬರುತ್ತಿದ್ದಾರೆ, ತಂಗಿಯ ಒತ್ತಾಯವಿಲ್ಲದೆ. ಅಸೈನ್‌ಮೆಂಟುಗಳನ್ನು ಇಂಗ್ಲಿಷಿನಲ್ಲಿ ಬರೆಯಬೇಕು, ಅದರ ಭಯ ಬೇರೆಯೇ ಮೇಡಂ ಎನ್ನುತ್ತಾರೆ. ಕಳೆದ ವಾರ ಹೊಸ ರಟ್ಟೊಂದನ್ನು ತಂದಿದ್ದರು. ಅದರ ಮೇಲೆ ಸದ್ಯಕ್ಕೆ ಮೊದಲ ಮೆಟ್ಟಿಲು ಮಾತ್ರ ಬರೆದಿದೆ: ದಿನಕ್ಕೆ ಮೂರು ವಾಕ್ಯ, ಇಂದು ತರಗತಿಯಲ್ಲಿ ನಡೆದದ್ದು.